ಬಾನೆಟ್ಟಿನ ಮೇಲೊಂದು ಲೋಟ ನೀರು

ನಮ್ಮ ಮನೆಯ ಫ್ರಿಜ್ಜಿಗೆ ವಯಸ್ಸಾಗಿದೆ. ನನ್ನಷ್ಟಲ್ಲ, ಆದರೂ ಅದರ ಕುಲದಲ್ಲಿ ಅದೂ ಮುದಿಯೇ. ಮೋಟಾರು ಶುರುವಾಗುವಾಗ ನೆನೆದ ನಾಯಿಯ ಹಾಗೆ ಒಮ್ಮೆ ಮೈ ಕೊಡವಿಕೊಂಡು, ಆಮೇಲೆ ಗುರುಗುಟ್ಟುತ್ತ ತನ್ನ ಪಾಡಿಗೆ ನಡೆಯುತ್ತದೆ. ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಅದರ ನೆತ್ತಿಯ ಮೇಲೆ ಒಂದು ಲೋಟ ನೀರಿಟ್ಟು, ಆ ನೀರು ಎಷ್ಟು ನಡುಗುತ್ತದೆ ಎಂದು ನೋಡುತ್ತ ನಿಲ್ಲುವುದು ನನ್ನ ಚಟ. ಕೆಲವರು ಪೇಪರು ಓದುತ್ತಾರೆ, ಕೆಲವರು ನಶ್ಯ ಏರಿಸುತ್ತಾರೆ, ನಾನು ಫ್ರಿಜ್ಜಿನ ಮೇಲಿನ ನೀರು ನೋಡುತ್ತೇನೆ. ನಡುಕ ನಿಂತ ಮೇಲೆ ಅದನ್ನು ಒಯ್ದು ಹಿತ್ತಲಿನ ಕರಿಬೇವಿನ ಗಿಡಕ್ಕೆ ಹಾಕುತ್ತೇನೆ. ಕುಡಿಯುವುದಿಲ್ಲ.

ಸೊಸೆಗೆ ಇದು ಸರಿಬರುವುದಿಲ್ಲ. ಬಾಯಾರಿಕೆಯಾದರೆ ಕುಡಿಯಬೇಕು, ಇಲ್ಲವಾದರೆ ಕೆಳಗಿಡಬೇಕು, ಚೆಲ್ಲಿ ಒಳಗೆ ಹೋದರೆ ಮೋಟಾರು ಸುಟ್ಟುಹೋಗುತ್ತದೆ ಎಂಬುದು ಅವಳ ವಾದ. ನ್ಯಾಯವಾದದ್ದೇ. ಯಾಕೆ ಹೀಗೆ ಮಾಡುತ್ತೀರಿ ಎಂದು ಅವಳು ಕೇಳಿದಾಗಲೆಲ್ಲ ನಾನು ಕೆಮ್ಮುತ್ತಿದ್ದೆ. ಮುದುಕರಿಗೆ ಕೆಮ್ಮು ದೊಡ್ಡ ಅನುಕೂಲ. ಎಂಥ ಪ್ರಶ್ನೆಯನ್ನೂ ಅದರಲ್ಲಿ ಮುಳುಗಿಸಬಹುದು. ಹೋದ ವಾರ ಮಾತ್ರ ಯಾಕೋ ಕೆಮ್ಮು ಬರಲಿಲ್ಲ. ಹೇಳಿಬಿಟ್ಟೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಒಮ್ಮೆ ಬಾಯಿ ಬಿಟ್ಟವನಿಗೆ ಎರಡನೆಯ ಸಲ ಅಷ್ಟು ಕಷ್ಟವಾಗುವುದಿಲ್ಲವಂತೆ. ಅದು ಸುಳ್ಳು ಎಂದು ಈಗ ಬರೆಯಲು ಕೂತಾಗ ಗೊತ್ತಾಗುತ್ತಿದೆ.

ಇಂಜಿನ್ನಿನ ಹುಚ್ಚು ನನಗೆ ಚಿಕ್ಕಂದಿನಿಂದ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗುತ್ತಿರಲಿಲ್ಲ; ನಮ್ಮೂರು ಶಿಕಾರಿಪುರಕ್ಕೆ ಬರುತ್ತಿದ್ದ ಬಸ್ಸಿನ ಬೆನ್ನಿಗೆ ಒಂದು ಒಲೆ ಕಟ್ಟಿ, ಇದ್ದಲು ಉರಿಸಿ, ಅದರ ಹೊಗೆಯಿಂದಲೇ ಬಸ್ಸು ಓಡಿಸುತ್ತಿದ್ದರು. ಅದು ಹೊರಡುವ ಮುಂಚೆ ಕ್ಲೀನರು ಅರ್ಧ ಗಂಟೆ ಗಾಳಿ ಊದುವ ತಿದಿಯ ಚಕ್ರ ತಿರುಗಿಸಬೇಕು. ಆ ಅರ್ಧ ಗಂಟೆಯಲ್ಲಿ ನಾವು ಹುಡುಗರು ಒಲೆಯ ಬೂದಿಯೊಳಗೆ ಗೆಣಸು ತೂರಿಸಿ ಸುಟ್ಟುಕೊಳ್ಳುತ್ತಿದ್ದೆವು. ಒಮ್ಮೆ ನನ್ನ ಗೆಣಸು ಬೇಯುವ ಮೊದಲೇ ಬಸ್ಸು ಹೊರಟುಬಿಟ್ಟಿತು. ನಾನಿನ್ನೂ ನೋಡಿರದ ಶಿವಮೊಗ್ಗವನ್ನು ನನ್ನ ಗೆಣಸು ನೋಡಿತು. ಅಳುತ್ತ ಮನೆಗೆ ಹೋದರೆ ಅವ್ವ ಸಮಾಧಾನ ಮಾಡುವ ಬದಲು, ಯಂತ್ರದ ಹೊಟ್ಟೆಗೆ ಕೈ ಹಾಕುವ ಬುದ್ಧಿ ನಿನಗೆ ಬೇಡ ಎಂದು ಬೆನ್ನ ಮೇಲೊಂದು ಕೊಟ್ಟಳು. ಆ ಮಾತು ಕೇಳಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾಗಿ ಒಂದೆರಡು ವರ್ಷ ಅಲ್ಲಿ ಇಲ್ಲಿ ಅಲೆದ ಮೇಲೆ, ಐವತ್ತರ ದಶಕ ಮುಗಿಯುತ್ತ ಬಂದಿದ್ದ ಹೊತ್ತಿಗೆ, ನಮ್ಮೂರಿನ ಡಾಕ್ಟರೊಬ್ಬರ ದವಾಖಾನೆಯಲ್ಲಿ ಕಾಂಪೌಂಡರ್ ಕೆಲಸ ಸಿಕ್ಕಿತು. ಇಪ್ಪತ್ತೊಂದು ವರ್ಷ ನನಗೆ. ಕೆಂಪು ಮಿಕ್ಸ್ಚರು ಕಲಸುವುದು, ಬಾಟಲಿಯ ಪಕ್ಕಕ್ಕೆ ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿ ಎಷ್ಟು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತೋರಿಸುವುದು, ಇಂಜೆಕ್ಷನ್ ಸೂಜಿಗಳನ್ನು ಸ್ಪಿರಿಟ್ ಸ್ಟೌವಿನ ಮೇಲೆ ಕುದಿಸುವುದು, ಇದು ನನ್ನ ಕೆಲಸ. ಆಗಿನ ಸೂಜಿಗಳು ಈಗಿನ ಹಾಗೆ ಒಮ್ಮೆ ಚುಚ್ಚಿ ಎಸೆಯುವಂಥವಲ್ಲ. ವರ್ಷಗಟ್ಟಲೆ ಅದೇ ಸೂಜಿ. ಅದರ ಕೊಳವೆ ಕಟ್ಟಿಕೊಂಡರೆ ಒಳಗೆ ಸಣ್ಣ ತಂತಿ ತೂರಿಸಿ ತೆಗೆಯಬೇಕು. ದಿನಕ್ಕೆ ಇಪ್ಪತ್ತು ಸಲ ಹಾಗೆ ತೂರಿಸಿ ತೂರಿಸಿ, ಕಟ್ಟಿದ ತೂತು ಎಲ್ಲಿ ಕಂಡರೂ ನನ್ನ ಕೈ ತಂತಿಗೆ ಹೋಗುತ್ತಿತ್ತು. ಇದನ್ನು ನೆನಪಿಡಿ.

ಡಾಕ್ಟರಿಗೆ ಒಂದು ಕಾರಿತ್ತು. ಯಾರೋ ತೋಟದ ದೊರೆ ಊರು ಬಿಡುವಾಗ ಮಾರಿ ಹೋದದ್ದು, ನನಗಿಂತ ಒಂದೆರಡು ವರ್ಷಕ್ಕಷ್ಟೇ ಚಿಕ್ಕದು. ವಾರಕ್ಕೊಮ್ಮೆ, ಮಂಗಳವಾರ, ಡಾಕ್ಟರು ಅದರಲ್ಲಿ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ, ಬಸ್ ನಿಲ್ದಾಣದ ಹತ್ತಿರ ಬಾಡಿಗೆಗೆ ಹಿಡಿದ ಒಂದು ಕೋಣೆಯಲ್ಲಿ ಸಂಜೆಯವರೆಗೆ ರೋಗಿಗಳನ್ನು ನೋಡುತ್ತಿದ್ದರು. ಔಷಧಿಯ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ನಾನು ಮುಂದಿನ ಸೀಟಿನಲ್ಲಿ. ಕಾರು ಓಡಿಸುವವನು ಕೆರಿಯಣ್ಣ.

ಹೆಸರು ಕೆರಿಯಪ್ಪ, ನನಗೆ ಕೆರಿಯಣ್ಣ; ಸೊರಬದಾಚೆಯ ಜಡೆ ಎಂಬ ಊರಿನ ಕಡೆಯವನು. ಐವತ್ತು ದಾಟಿದ್ದ. ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದು, ಒಂದಕ್ಷರ ಓದಲು ಬಾರದೆ, ಯಾವ ಗಾಡಿಯ ಕಾಯಿಲೆಯನ್ನಾದರೂ ಕಿವಿಯಿಂದಲೇ ಹೇಳುತ್ತಿದ್ದ. ದವಾಖಾನೆಯ ಹಿಂದಿನ ಕೋಣೆಯಲ್ಲೇ ಅವನ ವಾಸ. ಬೆಳಿಗ್ಗೆ ಕಾರಿಗೆ ಹ್ಯಾಂಡಲ್ ಹೊಡೆದು, ಇಂಜಿನ್ನು ಬಿಸಿಯಾದ ಮೇಲೆ, ತನ್ನ ಕಂಚಿನ ಲೋಟದ ತುಂಬ ನೀರು ತಂದು ಬಾನೆಟ್ಟಿನ ಮೇಲೆ ಇಡುತ್ತಿದ್ದ. ಗಾಡಿ ನಿಂತಲ್ಲೇ ಓಡುತ್ತಿರಬೇಕು, ನೀರಿನ ಮೇಲೆ ಸಣ್ಣ ಬಳೆಗಳು ಏಳಬೇಕು, ಆದರೆ ಒಂದು ಹನಿಯೂ ಅಂಚು ದಾಟಬಾರದು. ದಾಟಿದರೆ ಕಾರ್ಬೊರೇಟರಿನ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಮತ್ತೆ ನೀರು ನೋಡುತ್ತಿದ್ದ. “ಹೊಟ್ಟೆ ತುಂಬಿದ ಎಮ್ಮೆ ಮೆಲುಕು ಹಾಕ್ದಂಗೆ ಕೇಳ್ಬೇಕು ತಮ್ಮಾ” ಎನ್ನುತ್ತಿದ್ದ. “ಹಸಿದ ಎಮ್ಮೆ ಸದ್ದು ಬೇರೆ, ತುಂಬಿದ ಎಮ್ಮೆ ಸದ್ದು ಬೇರೆ.” ಸದ್ದು ಸರಿಯಾಯಿತೆಂದು ಅವನಿಗೆ ಅನ್ನಿಸಿದ ಮೇಲೆ ಆ ಲೋಟ ಎತ್ತಿ ನೀರನ್ನು ಒಂದೇ ಗುಟುಕಿಗೆ ಕುಡಿದುಬಿಡುತ್ತಿದ್ದ. ಗಾಡಿ ಸರಿ ಮಾಡಿದವನೇ ಆ ನೀರು ಕುಡಿಯಬೇಕು ಎಂಬುದು ಅವನ ನೇಮ. ಲಾರಿಯ ಕಾಲದಿಂದ ಬಂದದ್ದಂತೆ. ಸರಿಯಾಗದ ದಿನ ಕುಡಿಯುತ್ತಿರಲಿಲ್ಲ, ನೆಲಕ್ಕೆ ಚೆಲ್ಲುತ್ತಿದ್ದ.

ಕಾರಿನ ಪೆಟ್ರೋಲ್ ಮುಳ್ಳು ಎಂದೋ ಸತ್ತುಹೋಗಿತ್ತು. ಕೆರಿಯಣ್ಣ ಒಂದು ಬಿದಿರಿನ ಸೀಳಿಗೆ ಚಾಕುವಿನಿಂದ ಗೆರೆ ಕೊರೆದು ಟ್ಯಾಂಕಿಗೆ ಇಳಿಸಿ ನೋಡುತ್ತಿದ್ದ. ಗ್ಯಾಲನ್ನು ಗೀಲನ್ನು ಅವನಿಗೆ ಬೇಕಿರಲಿಲ್ಲ. ಒಂದು ಗೆರೆ ಎಂದರೆ ಸೊರಬಕ್ಕೆ ಒಮ್ಮೆ ಹೋಗಿ ಬರುವಷ್ಟು. ನನ್ನ ಬಾಟಲಿಯ ಕಾಗದದ ಪಟ್ಟಿಗೂ ಅವನ ಬಿದಿರಿನ ಗೆರೆಗೂ ಅಂಥ ವ್ಯತ್ಯಾಸವಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ನನ್ನದು ಸೈನ್ಸು, ಅವನದು ಹಳ್ಳಿ ಬುದ್ಧಿ.

ಕಾರಿನ ಜೊತೆ ಒಂದು ಇಂಗ್ಲಿಷ್ ಪುಸ್ತಕವೂ ಬಂದಿತ್ತು. ಯಾವ ಭಾಗ ಹೇಗೆ ಬಿಚ್ಚಬೇಕು, ಏನು ಕೆಟ್ಟರೆ ಏನು ಮಾಡಬೇಕು ಎಂದು ಅದರಲ್ಲಿ ಬರೆದಿತ್ತು. ಡಾಕ್ಟರು ಅದನ್ನು ನನ್ನ ಕೈಗೆ ಕೊಟ್ಟು, ನೀನು ಓದಿದವನು, ಓದಿ ಕೆರಿಯಪ್ಪನಿಗೆ ಹೇಳು ಎಂದಿದ್ದರು. ನನಗೆ ಕೊಂಬು ಬಂದಂತಾಯಿತು. ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದೆ. ಕೆರಿಯಣ್ಣ ಹೊಸ್ತಿಲ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತ, “ಏನಂತದೆ ನಿನ್ನ ಪುರಾಣ?” ಎಂದು ಕೇಳುತ್ತಿದ್ದ. ನಾನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಅವನಿಗೆ ಮೊದಲೇ ಗೊತ್ತಿರುತ್ತಿತ್ತು. ಗೊತ್ತಿದೆ ಎಂದು ಒಮ್ಮೆಯೂ ಹೇಳುತ್ತಿರಲಿಲ್ಲ. ನನಗೆ ಕಾರು ಓಡಿಸಲು ಕಲಿಸಿದವನೂ ಅವನೇ.

ಅವನು ಕಲಿಸಿದ ಇನ್ನೊಂದು ವಿದ್ಯೆ ಎಮ್ಮೆಯ ಬಾಲದ್ದು. ಕಾರ್ಬೊರೇಟರಿನೊಳಗೆ ಹಿತ್ತಾಳೆಯ ಎರಡು ಪುಟ್ಟ ಜೆಟ್ಟುಗಳಿರುತ್ತವೆ. ಪೆಟ್ರೋಲು ಅವುಗಳ ಒಳಗಿನ ತೂತಿನಿಂದ ಹಾಯ್ದು ಇಂಜಿನ್ನಿಗೆ ಹೋಗಬೇಕು. ಒಂದು ಜೆಟ್ಟು ಗಾಡಿ ನಿಂತಲ್ಲೇ ಓಡುವಾಗಿನದು, ಇನ್ನೊಂದು ದಾರಿಯ ಮೇಲೆ ಓಡುವಾಗಿನದು. ಸಾಸಿವೆ ಕಾಳೂ ತೂರದಷ್ಟು ಸಣ್ಣ ತೂತು. ಕಸ ಕಟ್ಟಿದರೆ ಬಾಯಲ್ಲಿ ಊದಬೇಕು, ಊದಿದರೂ ಹೋಗದಿದ್ದರೆ ಎಮ್ಮೆ ಬಾಲದ ಕೂದಲು ತೂರಿಸಬೇಕು. “ಕಬ್ಬಿಣ ಮಾತ್ರ ತೋರಿಸ್ಬೇಡ” ಎನ್ನುತ್ತಿದ್ದ. ಯಾಕೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಯಲ್ಲಿ ಬಸುರಿಯರಿಗೆ ಅದು ಮುಟ್ಟಬೇಡ ಇದು ಮುಟ್ಟಬೇಡ ಎನ್ನುವಂಥದ್ದೇ ಒಂದು ಶಾಸ್ತ್ರ ಎಂದುಕೊಂಡೆ. ಆ ಕೂದಲು ಕೀಳಲು ನಮ್ಮ ಮನೆಯ ಎಮ್ಮೆಯನ್ನೇ ಗೊತ್ತು ಮಾಡಿಕೊಂಡಿದ್ದ. ಅವ್ವ ಕೊಂಬು ಹಿಡಿದು, ನಾನು ಬಾಲ ಹಿಡಿದು, ಅವನು ಆರಿಸಿ ಆರಿಸಿ ಒಂದೊಂದೇ ಕೂದಲು ಕಿತ್ತು ಬೆಂಕಿಪೊಟ್ಟಣದೊಳಗೆ ಇಟ್ಟುಕೊಳ್ಳುತ್ತಿದ್ದ. ಎಮ್ಮೆ ಪ್ರತಿ ಸಲವೂ ನನಗೇ ಒದೆಯುತ್ತಿತ್ತು. ಅದಕ್ಕೆ ಮುಂದಿನದು ಗೊತ್ತಿತ್ತೋ ಏನೋ.

ಒಂದು ಸಲ ಕೆರಿಯಣ್ಣ ಅಕ್ಕನ ಮಗಳ ಮದುವೆಗೆಂದು ನಾಲ್ಕು ದಿನ ಊರಿಗೆ ಹೋಗಿದ್ದ. ಆಗಲೇ ಅಂಬ್ಲಿಗೊಳದ ಕಡೆಯ ಒಂದು ಹಳ್ಳಿಯಿಂದ ಸೈಕಲ್ಲಿನ ಮೇಲೆ ಆಳು ಬಂದ. ಹೆರಿಗೆ ಕಷ್ಟವಾಗಿದೆ, ಡಾಕ್ಟರು ಬರಬೇಕು. ನಾನು ಹ್ಯಾಂಡಲ್ ಹೊಡೆದೆ. ಇಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೆ ಹೊಡೆದೆ, ಮತ್ತೆ ಕೆಮ್ಮು. ಡಾಕ್ಟರು ಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಪುಸ್ತಕದ ಚಿತ್ರ ನೋಡಿಕೊಂಡು ಕಾರ್ಬೊರೇಟರು ಬಿಚ್ಚಿದೆ. ಜೆಟ್ಟು ಕೈಗೆ ಬಂತು, ಬೆಳಕಿಗೆ ಹಿಡಿದರೆ ತೂತು ಕಾಣಲಿಲ್ಲ. ಊದಿದೆ, ಹೋಗಲಿಲ್ಲ. ಕೂದಲಿನ ಬೆಂಕಿಪೊಟ್ಟಣ ಕೆರಿಯಣ್ಣನ ಜೇಬಿನಲ್ಲಿ ಜಡೆಗೆ ಹೋಗಿತ್ತು. ನನ್ನ ಕೈ ತಾನಾಗಿಯೇ ಔಷಧಿಯ ಪೆಟ್ಟಿಗೆಗೆ ಹೋಯಿತು. ಸೂಜಿ ಬಿಡಿಸುವ ತಂತಿ ತೂರಿಸಿದೆ. ಅದು ಮಡಚಿಕೊಂಡಿತು. ಮುರಿದು ಬಿದ್ದಿದ್ದ ಒಂದು ದಪ್ಪ ಇಂಜೆಕ್ಷನ್ ಸೂಜಿ ಇತ್ತು. ಅದನ್ನು ತೂರಿಸಿ, ಬೈರಿಗೆ ತಿರುಗಿಸಿದ ಹಾಗೆ ತಿರುಗಿಸಿದೆ. ಕಸ ಹೋಯಿತು. ತೂತು ಚಂದ್ರನ ಹಾಗೆ ಹೊಳೆಯಿತು. ಒಂದಕ್ಕೆ ಮಾಡಿದ್ದನ್ನು ಇನ್ನೊಂದಕ್ಕೂ ಮಾಡಿದೆ. ಅರೆಬರೆ ಕೆಲಸ ನನಗಾಗದು.

ಕಾರು ಒಂದೇ ಏಟಿಗೆ ಎದ್ದಿತು. ಹಳ್ಳಿಗೆ ಹೋದೆವು. ತಾಯಿ ಮಗು ಇಬ್ಬರೂ ಉಳಿದರು. ಬರುವಾಗ ದಾರಿಯಲ್ಲಿ ಡಾಕ್ಟರು ಹಿಂದಿನಿಂದ ನನ್ನ ಭುಜ ತಟ್ಟಿ, ಇವತ್ತು ಆ ಮಗುವಿಗೆ ನೀನೇ ಡಾಕ್ಟರು ಕಣಯ್ಯಾ ಎಂದರು. ಆ ಮಾತಿನ ಬಿಸಿ ಎಷ್ಟು ದಿನ ನನ್ನ ಭುಜದ ಮೇಲಿತ್ತೋ. ಮುಂದೆ ನಾನು ಮಾಡಿದ್ದಕ್ಕೆಲ್ಲ ಆ ಬಿಸಿಯೇ ಕಾರಣ ಎಂದರೆ ಡಾಕ್ಟರ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಅವರು ಹೊಗಳಿದ್ದು ಕೆಲಸವನ್ನು. ನಾನು ಬಿಡಲಾರದೆ ಹೋದದ್ದು ಹೊಗಳಿಕೆಯನ್ನು.

ಕೆರಿಯಣ್ಣ ಮದುವೆ ಮುಗಿಸಿಕೊಂಡು ಬಂದ. ಜೆಟ್ಟು ಕಟ್ಟಿತ್ತು, ತೆಗೆದೆ ಎಂದೆ. ಏನು ಹಾಕಿ ತೆಗೆದೆ ಎಂದು ಕೇಳಿದ. ಊದಿದೆ ಅಷ್ಟೇ, ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಎಮ್ಮೆ ಕೂದಲಿನ ಉಪದೇಶ ಮತ್ತೊಮ್ಮೆ ಕೇಳುವುದು ಬೇಡವಾಗಿತ್ತು.

ಮರುದಿನ ಬೆಳಿಗ್ಗೆ ಬಾನೆಟ್ಟಿನ ಮೇಲಿಟ್ಟ ಲೋಟದಿಂದ ನೀರು ಚೆಲ್ಲಿತು. ಇಂಜಿನ್ನು ಒಮ್ಮೆ ಏರುವುದು, ಒಮ್ಮೆ ಇಳಿಯುವುದು, ಇನ್ನೇನು ಸಾಯುತ್ತದೆ ಎನ್ನುವಾಗ ಮತ್ತೆ ಏರುವುದು. ಹಿಂದಿನ ಕೊಳವೆಯಿಂದ ಕರಿ ಹೊಗೆ. ಹತ್ತಿರ ನಿಂತರೆ ಕಣ್ಣು ಉರಿಯುವಷ್ಟು ಪೆಟ್ರೋಲಿನ ವಾಸನೆ. ಮಂಗಳವಾರ ಸೊರಬದಿಂದ ಬಂದು ಟ್ಯಾಂಕಿಗೆ ಬಿದಿರಿನ ಕಡ್ಡಿ ಇಳಿಸಿದರೆ ಒಂದು ಗೆರೆಯ ದಾರಿಗೆ ಒಂದೂವರೆ ಗೆರೆ ಮುಗಿದಿತ್ತು.

ಅಲ್ಲಿಂದ ಶುರುವಾಯಿತು ಕೆರಿಯಣ್ಣನ ಹುಡುಕಾಟ. ಪ್ಲಗ್ಗು ಬಿಚ್ಚಿದ; ದೀಪದ ಚಿಮಣಿಯ ಹಾಗೆ ಮಸಿ ಹಿಡಿದಿದ್ದವು, ಉಜ್ಜಿ ತೊಳೆದು ಹಾಕಿದ, ಎರಡೇ ದಿನಕ್ಕೆ ಮತ್ತೆ ಮಸಿ. ಕಿಡಿ ಹಾರುವ ಪಾಯಿಂಟುಗಳ ನಡುವೆ ಪೋಸ್ಟ್ ಕಾರ್ಡಿನ ತುಂಡು ಇಟ್ಟು ಸಂದು ಸರಿ ಮಾಡಿದ. ಚೋಕು ಅಂಟಿಕೊಂಡಿದೆಯೋ ಎಂದು ಎಳೆದು ಬಿಟ್ಟು ನೋಡಿದ. ಗಾಳಿಯ ಜಾಲರಿ ತೊಳೆದ. ಟ್ಯಾಂಕಿನಿಂದ ಹಿಡಿದು ಪೈಪಿನ ಉದ್ದಕ್ಕೂ ಮೂಸಿಕೊಂಡು ಹೋದ, ಎಲ್ಲೂ ಸೋರುತ್ತಿರಲಿಲ್ಲ. ಬ್ರೇಕು ಹಿಡಿದುಕೊಂಡಿರಬಹುದೆಂದು ಒಂದೊಂದೇ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದ. ಕೊನೆಗೆ ಕಾರ್ಬೊರೇಟರನ್ನೂ ಬಿಚ್ಚಿ, ಬಿಸಿಲಲ್ಲಿ ಗೋಣಿಯ ಮೇಲೆ ಹರಡಿಕೊಂಡು, ತುಂಬ ಹೊತ್ತು ಕೂತಿದ್ದ. ನಾನು ಪಕ್ಕದಲ್ಲಿ ಸ್ಪ್ಯಾನರು ಹಿಡಿದು ನಿಂತಿದ್ದೆ. ಜೆಟ್ಟೊಂದನ್ನು ಬಿಸಿಲಿಗೆ ಹಿಡಿದು ನೋಡಿದ. ನನ್ನನ್ನೂ ನೋಡಿದ. ಎಲ್ಲವನ್ನೂ ಇದ್ದ ಹಾಗೇ ಜೋಡಿಸಿದ.

ಆ ವಾರವೇ ಒಂದು ಮಧ್ಯಾಹ್ನ ನಾನು ಪುಸ್ತಕ ತೆಗೆದೆ. ಚಿತ್ರದ ಹಾಳೆಯ ಹಿಂದೆಯೇ ಇತ್ತು. ಜೆಟ್ಟುಗಳನ್ನು ಊದಿ ಮಾತ್ರ ಶುದ್ಧ ಮಾಡಬೇಕು; ಲೋಹದ ತಂತಿ, ಸೂಜಿ ತೂರಿಸಿದರೆ ತೂತು ಹಿಗ್ಗಿ, ಪೆಟ್ರೋಲು ಹೆಚ್ಚು ಹೋಗಿ, ನಿಂತಾಗ ಇಂಜಿನ್ನು ಕುಂಟುತ್ತದೆ, ಹೊಗೆ ಕಪ್ಪಾಗುತ್ತದೆ, ಅಂಥ ಜೆಟ್ಟನ್ನು ಎಸೆದು ಹೊಸದು ಹಾಕಬೇಕು. ಆ ಪುಸ್ತಕದ ಪ್ರತಿ ವಾಕ್ಯಕ್ಕೂ ಡಿಕ್ಷನರಿ ನೋಡುತ್ತಿದ್ದವನು ನಾನು. ಅದೊಂದು ಸಾಲಿಗೆ ಮಾತ್ರ ನೋಡಬೇಕಾಗಲಿಲ್ಲ. ಎಲ್ಲ ಶಬ್ದವೂ ಗೊತ್ತಿತ್ತು. ಪುಸ್ತಕ ಮುಚ್ಚಿ ಔಷಧಿ ಬೀರುವಿನ ಮೇಲೆ, ಕೈಗೆ ಸಿಗದ ಹಾಗೆ, ಹಿಂದಕ್ಕೆ ತಳ್ಳಿದೆ.

ಹೇಳುತ್ತಿದ್ದೆ. ನಿಜವಾಗಿಯೂ ಹೇಳಬೇಕೆಂದಿದ್ದೆ. ನಾಳೆ ಹೇಳೋಣ, ಡಾಕ್ಟರು ಖುಷಿಯಲ್ಲಿರುವಾಗ ಹೇಳೋಣ ಎಂದುಕೊಳ್ಳುತ್ತಿದ್ದಾಗಲೇ ಪೆಟ್ರೋಲ್ ಬಂಕಿನಲ್ಲಿ ಒಂದು ತಮಾಷೆ ನಡೆಯಿತು. ಕೈಯಿಂದ ಪಂಪು ಹೊಡೆದು ಪೆಟ್ರೋಲು ತುಂಬುತ್ತಿದ್ದವನು, ವಾರಕ್ಕೆರಡು ಸಲ ಬಂದ ನಮ್ಮನ್ನು ನೋಡಿ, ಡಾಕ್ಟರು ಹಿಂದೆ ಕೂತಿದ್ದಾಗಲೇ ಕೇಳಿದ: “ಏನ್ರೀ ಕೆರಿಯಪ್ಪ, ಪೆಟ್ರೋಲು ಗಾಡಿ ಕುಡಿತತೋ, ನೀವ ಕುಡಿತೀರೋ?” ಸುತ್ತ ಇದ್ದವರು ನಕ್ಕರು. ಕೆರಿಯಣ್ಣನೂ ನಕ್ಕ. ಡಾಕ್ಟರು ನಗಲಿಲ್ಲ.

ಅವರು ಕೆಟ್ಟವರಲ್ಲ. ಟ್ಯಾಂಕಿಗೆ ಬೀಗ ಹಾಕಿಸುವ ಮೊದಲು ನನ್ನನ್ನು ಒಳಗೆ ಕರೆದು ಎರಡು ಪ್ರಶ್ನೆ ಕೇಳಿದರು. ಮೊದಲನೆಯದು: “ಪುಸ್ತಕದಲ್ಲಿ ಇದಕ್ಕೇನಾದರೂ ಕಾರಣ ಕೊಟ್ಟಿದೆಯೇನಯ್ಯಾ?”

“ಇಲ್ಲ ಸಾರ್. ಎಲ್ಲಾ ನೋಡಿದೆ.”

ಎರಡನೆಯದು: ಸೊರಬದಲ್ಲಿ ನಾವು ಒಳಗೆ ರೋಗಿಗಳನ್ನು ನೋಡುತ್ತಿರುವಾಗ ಕೆರಿಯಪ್ಪ ಹೊರಗೆ ಏನು ಮಾಡುತ್ತಿರುತ್ತಾನೆ? ಅವನ ಊರಿನವರು ಬಂದು ಹೋಗುತ್ತಾರಲ್ಲ?

“ನಾನು ಒಳಗೆ ಔಷಧಿ ಕೊಡ್ತಿರ್ತೀನಲ್ಲ ಸಾರ್. ನಂಗೇನು ಗೊತ್ತಾಗುತ್ತೆ.”

ಈ ಎರಡನೆಯ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬದುಕಿನಲ್ಲಿ ನಾನು ಸಾಕಷ್ಟು ಸುಳ್ಳು ಹೇಳಿದ್ದೇನೆ. ಅವ್ಯಾವುವೂ ಆ ನಿಜದಷ್ಟು ಕೇಡು ಮಾಡಿಲ್ಲ.

ಡಾಕ್ಟರು ಕಮ್ಮಾರನನ್ನು ಕರೆಸಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಕೊಂಡಿ ಹಾಕಿಸಿದರು. ಟ್ರಂಕಿಗೆ ಹಾಕುವಂಥ ಸಣ್ಣ ಬೀಗ. ಕೀಲಿಕೈ ನನ್ನ ಕೈಗೆ ಕೊಟ್ಟರು. ಎರಡು ವಾರ ಬೀಗ ಹಾಕಿ ನೋಡೋಣ ಎಂದು ಅವರ ಯೋಚನೆ. ಎರಡು ವಾರ ನೋಡಿದ್ದರೆ, ಬೀಗ ಹಾಕಿದರೂ ಗೆರೆ ಇಳಿಯುತ್ತದೆ ಎಂದು ಗೊತ್ತಾಗಿ, ಕೆರಿಯಣ್ಣ ತಾನಾಗಿಯೇ ಪಾರಾಗುತ್ತಿದ್ದ. ನಾನು ಆ ಲೆಕ್ಕಾಚಾರವನ್ನೂ ಹಾಕಿದ್ದೆ. ನಾನು ಬಾಯಿ ಬಿಡದೆಯೇ ಎಲ್ಲ ಸರಿಹೋಗುತ್ತದೆ ಎಂದು ಆ ದಿನ ಹೊಟ್ಟೆ ತುಂಬ ಉಂಡದ್ದೂ ನೆನಪಿದೆ.

ಆದರೆ ಎರಡು ವಾರ ಬೇಕಾಗಲಿಲ್ಲ. ಬೆಳಿಗ್ಗೆ ಕಡ್ಡಿ ಹಿಡಿದು ಹಿಂದಕ್ಕೆ ಹೋದ ಕೆರಿಯಣ್ಣ ಬೀಗ ನೋಡಿದ. ಬೆರಳಿನಿಂದ ಮುಟ್ಟಿ ನೋಡಿದ.

“ಕೀ ಯಾರ ಹತ್ರ ಐತೆ?”

“ನನ್ನ ಹತ್ರ, ಕೆರಿಯಣ್ಣಾ.”

“ಹೌದಾ” ಎಂದ. ಕಡ್ಡಿಯನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಕಾರಿನ ಕೀಲಿಯನ್ನು ಡಾಕ್ಟರ ಮೇಜಿನ ಮೇಲಿಟ್ಟ. ನಿನ್ನ ಮೇಲೆ ಅನುಮಾನ ಅಂತಲ್ಲಪ್ಪಾ ಎಂದು ಡಾಕ್ಟರು ಎದ್ದು ನಿಂತರು. “ಅನುಮಾನ ಇಲ್ದೆ ಬೀಗ ಯಾಕ್ರೀ ಸ್ವಾಮಿ” ಎಂದ ಕೆರಿಯಣ್ಣ. ದನಿ ಏರಿಸಲಿಲ್ಲ. ಹಿಂದಿನ ಕೋಣೆಗೆ ಹೋಗಿ ಟ್ರಂಕು, ಕಂಬಳಿ ತೆಗೆದುಕೊಂಡು ಬಂದ. ಔಷಧಿ ಕೊಡುವ ಕಿಟಕಿಯ ಹತ್ತಿರ ನಿಂತು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ನನ್ನ ಮುಂದಿಟ್ಟ.

“ಕೂಸಿನ ಕಿವಿ ತೂತು ದೊಡ್ಡದಾದ್ರೆ ಮತ್ತೆ ಸಣ್ಣ ಮಾಡಾಕೆ ಬರಲ್ಲ ತಮ್ಮಾ. ಜೆಟ್ಟೂ ಅಷ್ಟೇ. ಹೊಸವು ತರ್ಸು.”

ಇಷ್ಟು ಹೇಳಿ ಶಿರಾಳಕೊಪ್ಪದ ಬಸ್ಸಿಗೆ ಹೋದ. ನಾನು ಕೆಂಪು ಮಿಕ್ಸ್ಚರಿನ ಜಾಡಿ ಹಿಡಿದುಕೊಂಡು ನಿಂತೇ ಇದ್ದೆ. ಅವನ ಕಂಚಿನ ಲೋಟ ಬಾನೆಟ್ಟಿನ ಮೇಲೆ ಉಳಿದಿತ್ತು.

ಮುಂದಿನ ತಿಂಗಳು ಔಷಧಿ ತರಲು ಶಿವಮೊಗ್ಗಕ್ಕೆ ಹೋದವನು ಎರಡು ಹೊಸ ಜೆಟ್ಟು ತಂದೆ. ಯಾರೂ ಇಲ್ಲದಾಗ ಹಾಕಿದೆ. ಹಳೆಯವನ್ನು ಕೆರೆಗೆ ಎಸೆದೆ. ಮಾಡಿದ ತಪ್ಪನ್ನು ಕೈಯಾರೆ ಸರಿ ಮಾಡಿದೆ ಎಂದು ಒಂದು ದಿನ ಹಗುರವಾಗಿದ್ದೆ. ಮಂಗಳವಾರ ಸೊರಬದಿಂದ ಬಂದು ಕಡ್ಡಿ ಇಳಿಸಿದರೆ ಸರಿಯಾಗಿ ಒಂದೇ ಗೆರೆ. ಡಾಕ್ಟರು ಕಡ್ಡಿಯನ್ನು ತಾವೇ ಕೈಗೆ ತೆಗೆದುಕೊಂಡು ನೋಡಿದರು. ಮುಖ ಸಣ್ಣದಾಯಿತು.

“ನೋಡಿದೆಯಾ, ಅವನು ಹೋದ ಮೇಲೆ ಪೆಟ್ರೋಲು ಹೇಗೆ ಉಳಿಯುತ್ತಿದೆ. ನನಗೆ ಕೊನೆಯವರೆಗೂ ನಂಬಿಕೆ ಬಂದಿರಲಿಲ್ಲ ಕಣಯ್ಯಾ.”

ನಾನು ಮಾಡಿದ ರಿಪೇರಿಯೇ ಸಾಕ್ಷಿಯಾಗಿ ನಿಂತಿತು. ಅಲ್ಲಿಯವರೆಗೆ ಬರೀ ಅನುಮಾನವಾಗಿದ್ದದ್ದನ್ನು ಹೊಸ ಜೆಟ್ಟು ಹಾಕಿ ನಾನು ಗಟ್ಟಿ ಮಾಡಿದ್ದೆ. ಕಡ್ಡಿ ಇನ್ನೂ ಅವರ ಕೈಯಲ್ಲಿತ್ತು, ಹೇಳಲು ಬೇಕಾದದ್ದು ನಾಲ್ಕು ಮಾತು. “ಹೌದು ಸಾರ್” ಎಂದೆ.

ಆಮೇಲೆ ಬಸ್ ಸರ್ವೀಸಿನವರೊಬ್ಬರು ಕೆರಿಯಣ್ಣನನ್ನು ಡ್ರೈವರಾಗಿ ಇಟ್ಟುಕೊಳ್ಳಬೇಕೆಂದು ಡಾಕ್ಟರನ್ನು ವಿಚಾರಿಸಿದರು. ಡಾಕ್ಟರು ಸುಳ್ಳಾಡದ ಮನುಷ್ಯ. ತಮಗೆ ತಿಳಿದದ್ದನ್ನು ಹೇಳಿದರು. ಕೆಲಸ ಸಿಗಲಿಲ್ಲ. ಬಂಕಿನವನ ತಮಾಷೆಗೆ ಕಾಲು ಬಂದು ಅದು ಸೊರಬ ದಾಟಿ ಜಡೆಯವರೆಗೂ ನಡೆದುಹೋಯಿತು. ಪೆಟ್ರೋಲ್ ಕೆರಿಯಪ್ಪ ಎಂದು ಹೆಸರೇ ನಿಂತಿತು.

ಹೀಗೆ ಏಳೆಂಟು ತಿಂಗಳು ಕಳೆದ ಮೇಲೆ ಒಂದು ಮಂಗಳವಾರ, ಸೊರಬದಲ್ಲಿ, ಸಂಜೆ ಹೊರಡುವ ಹೊತ್ತು. ಆಗ ಕಾರು ಓಡಿಸುತ್ತಿದ್ದವನೂ ನಾನೇ. ಇಂಜಿನ್ನು ಬಿಸಿಯಾಗಲೆಂದು ಬಿಟ್ಟು, ಕೆರಿಯಣ್ಣನ ಲೋಟದಲ್ಲೇ ನೀರು ಹಾಕಿ ಬಾನೆಟ್ಟಿನ ಮೇಲಿಟ್ಟಿದ್ದೆ. ಅವನ ನೇಮ ಅಷ್ಟರಮಟ್ಟಿಗೆ ನನಗೂ ಅಂಟಿತ್ತು. ಎತ್ತಿನ ಗಾಡಿಯೊಂದು ಬಂದು ಎದುರಿಗೆ ನಿಂತಿತು. ಮೂಟೆಗಳ ಮುಂದೆ ಮೂಕಿಯ ಮೇಲೆ ಕೂತಿದ್ದವನು ಕೆರಿಯಣ್ಣ. ಎತ್ತುಗಳ ಹಗ್ಗವನ್ನು ಗಾಡಿಯ ಗೂಟಕ್ಕೆ ಸುತ್ತಿ ಇಳಿದು ಬಂದ. ನನ್ನ ಕಡೆ ನೋಡದೆ ಕಾರಿನ ಹತ್ತಿರ ಹೋಗಿ, ಬಾನೆಟ್ಟಿನ ಮೇಲೆ ಅಂಗೈ ಊರಿ, ತಲೆ ವಾಲಿಸಿ ಕೇಳಿದ.

“ತುಂಬಿದ ಎಮ್ಮೆ” ಎಂದ. “ಹೊಸವು ಹಾಕಿದಿ.”

ಹೂಂ ಎಂದೆ.

“ಡಾಕ್ಟ್ರಿಗೆ ಹೇಳಿದ್ಯಾ?”

ನಾನು ನೆಲ ನೋಡಿದೆ. ಅವನಿಗೆ ಉತ್ತರ ಸಿಕ್ಕಿತು. ಬಯ್ಯುತ್ತಾನೆಂದು ಕಾದೆ. ಅವನು ಎತ್ತುಗಳ ಕಡೆ ನೋಡುತ್ತ ನಿಧಾನವಾಗಿ ಹೇಳಿದ: “ಬಿಸಿಲಿಗೆ ಹಿಡಿದಾಗ್ಲೇ ಗೀರು ಕಂಡಿತ್ತು ಮಾರಾಯ. ನೀನೇ ಹೇಳ್ತೀಯ ಅಂತ ಸುಮ್ನಿದ್ದೆ. ಎರಡು ಮಂಗಳವಾರ ಕಾದೆ. ಆಮೇಲೆ ಬೀಗ ಬಂತು. ಬೀಗ ಬಂದ ಮೇಲೆ ನಾನು ಹೇಳಿದ್ರೆ ತಪ್ಪಿಸ್ಕೊಳಾಕೆ ಹುಡುಗನ ಮೇಲೆ ಹಾಕ್ದ ಅಂತಿದ್ರು.”

ಡಾಕ್ಟರು ಕೋಣೆಯೊಳಗೆ ಕೊನೆಯ ರೋಗಿಯ ಜೊತೆ ಮಾತಾಡುತ್ತಿದ್ದುದು ಕಿಟಕಿಯಿಂದ ಕೇಳಿಸುತ್ತಿತ್ತು. ಹೆಚ್ಚೆಂದರೆ ಹತ್ತು ಹೆಜ್ಜೆ. ಕೆರಿಯಣ್ಣನೂ ಆ ಕಿಟಕಿಯನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. ಈಗ ನೆನೆದರೆ, ಅವನು ಕೊನೆಯ ಸಲ ಕಾದದ್ದು ಆಗ. ಆಮೇಲೆ ಬಾನೆಟ್ಟಿನ ಮೇಲಿನ ಲೋಟ ಎತ್ತಿದ. ಕುಡಿಯುತ್ತಾನೆಂದುಕೊಂಡೆ. ನನ್ನ ಕಡೆ ಚಾಚಿದ.

“ಕುಡಿ. ಸರಿ ಮಾಡ್ದವ್ನು ನೀನಲ್ವಾ.”

ವ್ಯಂಗ್ಯವೋ ಅಲ್ಲವೋ ಇವತ್ತಿಗೂ ನನಗೆ ತಿಳಿಯದು. ಅವನ ಮುಖದಲ್ಲಿ ವ್ಯಂಗ್ಯ ಇರಲಿಲ್ಲ. ನಾನು ಲೋಟ ತೆಗೆದುಕೊಂಡೆ. ಕುಡಿದೆ, ಪೂರ್ತಿ. ಖಾಲಿ ಲೋಟವನ್ನು ಅವನಿಗೇ ಹಿಂದಕ್ಕೆ ಕೊಡಲು ಹೋದರೆ ಬೇಡವೆಂದು ಕೈ ಆಡಿಸಿ ಗಾಡಿ ಹತ್ತಿದ. ಡಾಕ್ಟರು ಹೊರಗೆ ಬಂದು, ಯಾರಯ್ಯಾ ಅದು ಎಂದು ಕೇಳಿದರು. ಯಾರೋ ಗಾಡಿಯವನು ಸಾರ್, ಎಂದೆ.

ಅವನನ್ನು ಮತ್ತೆ ನೋಡಲಿಲ್ಲ. ನಾಲ್ಕೈದು ವರ್ಷದ ಮೇಲೆ ತೀರಿಕೊಂಡನೆಂದು ಸೊರಬದ ರೋಗಿಯೊಬ್ಬ ಔಷಧಿಗೆ ಬಾಟಲಿ ಚಾಚುತ್ತ ಹೇಳಿದ. ಯಾವ ಕೆರಿಯಪ್ಪ ಎಂದು ಗುರುತು ಹೇಳಲು ಅವನು ಬಳಸಿದ್ದೂ ಅದೇ ಹೆಸರನ್ನು. ಕಾರು ಹೋಯಿತು, ದವಾಖಾನೆ ಹೋಯಿತು, ಕಂಚಿನ ಲೋಟ ಮನೆ ಬದಲಿಸುವಾಗ ಎಲ್ಲೋ ಹೋಯಿತು. ನಡುಗುವ ಯಾವುದಾದರೂ ವಸ್ತುವಿನ ಮೇಲೆ ನೀರಿಟ್ಟು ನೋಡುವ ಚಟ ಉಳಿಯಿತು. ಕುಡಿಯಲು ಮಾತ್ರ ಆಗಿಲ್ಲ.

ಇಷ್ಟನ್ನೂ ಸೊಸೆಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ ಕೇಳಿದಳು. ನಡುವೆ ಒಮ್ಮೆ, ಗೆಣಸು ಶಿವಮೊಗ್ಗ ನೋಡಿತು ಎಂದಾಗ ನಕ್ಕಳು. ಮುಗಿದ ಮೇಲೆ ಏನಾದರೂ ಸಮಾಧಾನದ ಮಾತು ಹೇಳುತ್ತಾಳೆ, ಆಗ ನಿಮಗೆ ಚಿಕ್ಕ ವಯಸ್ಸು ಎನ್ನುತ್ತಾಳೆ ಎಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ಅವಳು ಸೊಪ್ಪಿನ ಕಡ್ಡಿಗಳನ್ನು ಮೊರಕ್ಕೆ ಒಟ್ಟುಮಾಡಿ ಕೇಳಿದಳು.

“ಮಾವ, ಆ ಡಾಕ್ಟರು ಆಮೇಲೆ ಎಷ್ಟು ವರ್ಷ ಇದ್ರು?”

“ಹದಿನೆಂಟು ವರ್ಷ.”

“ನೀವು ಅಲ್ಲೇ ಕೆಲಸದಲ್ಲಿದ್ರಾ?”

“ದಿನಾ. ಅವರ ಮೇಜು ಇಲ್ಲಿ, ನನ್ನ ಕಿಟಕಿ ಅಲ್ಲಿ.”

ಅವಳು ಎದ್ದು, ಫ್ರಿಜ್ಜಿನ ಮೇಲಿದ್ದ ಲೋಟವನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ, ನೀರನ್ನು ತಾನೇ ಕರಿಬೇವಿಗೆ ಹಾಕಿ ಬಂದಳು.